ಕೊರ್ಲಹಳ್ಳಿಯ ಹೊಲದಲ್ಲಿ ಮಂಗೋಲಿಯನ್ ಹಾಡು

ಥೈರಾಯ್ಡ್ ಗಡ್ಡೆ ತೆಗೆಸಿಕೊಂಡ ಮೇಲೆ ನನ್ನ ದನಿ ಮೊದಲಿನಂತಾಗಲಿಲ್ಲ. ನಾನು ಗದಗಿನ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುತ್ತಿದ್ದವಳು. ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ದನಿ ಈಗ ಒಡೆದು, ಗಾಳಿ ಬೆರೆತು, ಬೇರೆ ಯಾರದೋ ಎನ್ನುವಂತೆ ಕೇಳಿಸುತ್ತಿತ್ತು. ದೀರ್ಘ ರಜೆ ಹಾಕಿ ಮನೆಯಲ್ಲಿ ಕುಳಿತೆ. ಮಾತಾಡುತ್ತಾ ಇದ್ದರೆ ಸುಧಾರಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಪರಿಚಯದವರು ಬಂದರೆ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ನಾನು ಬಾಯಿ ತೆರೆದ ಕೂಡಲೇ ಅವರ ಮುಖದಲ್ಲಿ ಕಾಣುತ್ತಿದ್ದ ಕನಿಕರವನ್ನು ತಾಳಲಾಗುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮಗಳು ಒಂದು ಸಂಜೆ ಮೊಬೈಲಿಗೆ ಒಂದು ಲಿಂಕ್ ಕಳಿಸಿದಳು. ಮಂಗೋಲಿಯಾದ ವಿಶ್ವವಿದ್ಯಾಲಯವೊಂದರಲ್ಲಿ ತಮ್ಮ ಭಾಷೆ, ಸಂಸ್ಕೃತಿಯನ್ನು ಹೊರದೇಶದವರಿಗೆ ಪರಿಚಯಿಸಲೆಂದೇ ಒಂದು ಕೇಂದ್ರವಿದೆಯಂತೆ; ಆಸಕ್ತಿಯಿದ್ದ ಯಾರಿಗಾದರೂ ಆನ್‌ಲೈನಿನಲ್ಲಿ ಪಾಠ ಹೇಳುತ್ತದಂತೆ. ನನಗೂ ಮಂಗೋಲಿಯಾಕ್ಕೂ ಏನು ಸಂಬಂಧ ಎಂದು ಫೋನಿನಲ್ಲಿ ಕೇಳಿದೆ. ಅಲ್ಲಿ ನಿನ್ನ ಹಳೆಯ ದನಿ ಕೇಳಿದವರು ಯಾರೂ ಇಲ್ಲವಲ್ಲ ಅಮ್ಮಿ ಎಂದಳು. ಆ ಒಂದು ಮಾತಿಗೆ ಸೇರಿಕೊಂಡೆ.

ಕಲಿಸುವ ಶಿಕ್ಷಕಿ ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಸರಳ ಇಂಗ್ಲಿಷಿನಲ್ಲಿ ವಿವರಿಸಿ, ಪ್ರತಿ ಅಕ್ಷರವನ್ನೂ ನಮ್ಮಿಂದ ಹೇಳಿಸುತ್ತಿದ್ದರು. ಗಂಟಲಿನಿಂದ ಬರುವ ಅವರ ಖಕಾರ ನನಗೆ ಸುಲಭವಾಯಿತು. ಮನೆಯಲ್ಲಿ ಉರ್ದು ಆಡುತ್ತಾ ಬೆಳೆದವಳಿಗೆ ಅದು ಹೊಸದಲ್ಲ. ಅವರ ಲಕಾರ ಮಾತ್ರ ವಿಚಿತ್ರ. ನಾಲಿಗೆಯ ಎರಡೂ ಬದಿಯಿಂದ ಗಾಳಿ ಸುಯ್ಯೆನ್ನಬೇಕು. ನನ್ನ ಜೊತೆ ಕಲಿಯುತ್ತಿದ್ದ ಜಪಾನಿನವನಿಗೂ ಜರ್ಮನಿಯವಳಿಗೂ ಅದು ಬರಲಿಲ್ಲ. ನನ್ನ ಒಡಕು ಗಂಟಲಿನಿಂದ ಮೊದಲ ಸಲಕ್ಕೇ ಬಂತು. ಎಲ್ಲರೂ ಇವರ ಹಾಗೆ ಹೇಳಿ ಎಂದರು ಅವರು. ಆಪರೇಷನ್ ಆದಮೇಲೆ ನನ್ನ ದನಿಯನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು. ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಆ ಲಕಾರವನ್ನು ಮತ್ತೆ ಮತ್ತೆ ಹೇಳಿ ನೋಡಿದೆ.

ಆಮೇಲೆ ಅಡಿಗೆಮನೆಯಲ್ಲೂ ಉಚ್ಚಾರ ನಡೆಯಿತು. ಕುರಿಗೆ ಅವರು ‘ಖೊನ್’ ಎನ್ನುತ್ತಾರೆ. ಅದನ್ನು ನಾನು ಜಪಿಸುತ್ತಿದ್ದುದು ಖೂನ್, ಅಂದರೆ ರಕ್ತ, ಎಂದು ಕೇಳಿಸಿ, ಅತ್ತೆ ಯಾರ ಕೈ ಕೊಯ್ದಿತೋ ಎಂದು ಓಡಿಬಂದಿದ್ದರು. ನಮ್ಮ ಅಬ್ಬಾ ಮುಂಡರಗಿಯಲ್ಲಿ ಉಣ್ಣೆ ವ್ಯಾಪಾರ ಮಾಡುತ್ತಿದ್ದರೆಂದು, ಚಿಕ್ಕವಳಿದ್ದಾಗ ಅವರ ಜೊತೆ ಕುರಿಹಟ್ಟಿಗಳಿಗೆ ಹೋಗುತ್ತಿದ್ದೆನೆಂದು ಒಮ್ಮೆ ತರಗತಿಯಲ್ಲಿ ಹೇಳಿದೆ. ಶಿಕ್ಷಕಿಯ ಮುಖ ಅರಳಿತು. ಅವರೂ ಕುರಿ ಕಾಯುವ ಮನೆತನದವರೇ.

ಮುಂದಿನ ವರ್ಷ ಕೇಂದ್ರದ ಕೆಲಸದ ಮೇಲೆ ಅವರು ದೆಹಲಿಗೆ ಬಂದಾಗ, ಅಲ್ಲಿಂದ ರೈಲು ಹತ್ತಿ ನಮ್ಮ ಮನೆಗೆ ಬಂದರು. ನಾನು ಏನೇನೋ ತೋರಿಸಬೇಕೆಂದಿದ್ದೆ. ಅವರು ಮೊದಲು ಕುರಿ ತೋರಿಸು ಎಂದರು. ಅಬ್ಬಾನಿಗೆ ಉಣ್ಣೆ ಕೊಡುತ್ತಿದ್ದ ಮನೆಯವರು ಆಗ ಕೊರ್ಲಹಳ್ಳಿ ಹತ್ತಿರ, ಹೊಳೆದಂಡೆಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ್ದರು. ಅಲ್ಲಿಗೆ ಹೋದೆವು.

ಹಟ್ಟಿಯ ಹೆಣ್ಣುಮಗಳು ಒಂದು ಕುರಿಯ ಕೊರಳು ಹಿಡಿದು ಕುಳಿತಿದ್ದಳು. ಅದು ಚೊಚ್ಚಲು ಕುರಿ. ಈದ ಮರಿಯನ್ನು ಮೂಸುತ್ತಲೂ ಇರಲಿಲ್ಲ, ಹತ್ತಿರ ಬಂದರೆ ಒದೆಯುತ್ತಿತ್ತು. ಮರಿಯ ಮೈಗೆ ಉಪ್ಪು ಸವರಿ ನೆಕ್ಕಿಸಲು ನೋಡಿದ್ದಾಯಿತು ಎಂದು ಅವಳು ಹೇಳಿದ್ದನ್ನು ನಾನು ಶಿಕ್ಷಕಿಗೆ ತಿಳಿಸಿದೆ. ಅವರು ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತರು. ಮರಿಯನ್ನು ಕೆಚ್ಚಲ ಬಳಿ ಹಿಡಿದು, ‘ತೊಯ್ಗ್, ತೊಯ್ಗ್’ ಎಂದು ಅದೊಂದೇ ಪದವನ್ನು ಮೆಲ್ಲಗೆ ಹಾಡತೊಡಗಿದರು. ಮರಿಯನ್ನು ಒಲ್ಲೆನ್ನುವ ಕುರಿಯನ್ನು ಅವರ ಸೀಮೆಯಲ್ಲಿ ಹೀಗೆ ಒಲಿಸುತ್ತಾರಂತೆ. ಸ್ವಲ್ಪ ಹೊತ್ತಿಗೆ ಅವರು ಅರ್ಧಕ್ಕೇ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದರು. ಇದು ನನ್ನ ತಾಯಿ ಹಾಡುತ್ತಿದ್ದದ್ದು, ಅವರು ತೀರಿಹೋದ ಮೇಲೆ ಹಾಡಿರಲಿಲ್ಲ, ನೀನು ಮುಂದುವರಿಸು ಎಂದರು.

ನಾನು ಹಾಡುವುದೆಂದರೇನು! ಆದರೆ ನಿಲ್ಲಿಸಬಾರದೆಂದು ಅವರು ಕೈಸನ್ನೆ ಮಾಡುತ್ತಿದ್ದರು. ಬಯಲಲ್ಲಿ, ನೆರೆದಿದ್ದ ಹಟ್ಟಿಯ ಜನರ ಮುಂದೆ, ನನ್ನ ಒಡಕು ದನಿಯಲ್ಲಿ ಶುರುಮಾಡಿದೆ. ಅವರೂ ಸುಧಾರಿಸಿಕೊಂಡು ಸೇರಿದರು. ಯಾರ ಮುಖದಲ್ಲೂ ಕನಿಕರವಿರಲಿಲ್ಲ. ಎಲ್ಲರೂ ಕುರಿಯನ್ನೇ ನೋಡುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಕುರಿ ಕತ್ತು ಹೊರಳಿಸಿ ಮರಿಯನ್ನು ಮೂಸಿತು. ಮರಿ ಬಾಲ ಕುಣಿಸುತ್ತಾ ಕುಡಿಯಿತು.

ಹಾಡಿಗೇ ಒಪ್ಪಿತೇನು ಎಂದು ಆ ಹೆಣ್ಣುಮಗಳನ್ನು ಕೇಳಿದೆ.

"ಹಾಡಿಗೆ ಒಪ್ಪಿತೋ, ನಾ ಕೊಳ್ಳ ಹಿಡದು ಕುಂತದ್ದಕ್ಕ ಬ್ಯಾಸತ್ತು ಒಪ್ಪಿತೋ, ನನಗೇನ ತಿಳೀತೈತ್ರಿ ಅಕ್ಕಾರ," ಎಂದಳು. "ಮರಿ ಹೊಟ್ಟಿ ತುಂಬ್ತಲ್ರಿ, ಆತು. ಬರ್ರಿ, ರೊಟ್ಟಿ ಉಣ್ಣಾಕ."

ಮಾತನ್ನು ಅನುವಾದಿಸಿದಾಗ ಶಿಕ್ಷಕಿ ಕಣ್ಣೊರೆಸಿಕೊಂಡು ನಕ್ಕರು. ನಮ್ಮಮ್ಮನೂ ಹೀಗೇ ಹೇಳುತ್ತಿದ್ದಳು ಎಂದರು.

ಜೂನಿನಲ್ಲಿ ನಾನು ಶಾಲೆಗೆ ಮರಳಿದೆ. ದನಿ ಈಗಲೂ ಕೊನೆಯ ಬೆಂಚಿಗೆ ಮುಟ್ಟುವುದಿಲ್ಲ. ಮಕ್ಕಳೇ ಬೆಂಚುಗಳನ್ನು ಮುಂದಕ್ಕೆ ಎಳೆದುಕೊಂಡಿದ್ದಾರೆ. ಎಲ್ಲೋ ದೂರದ ಒಂದು ಊರಿನವರು ತಮ್ಮ ಭಾಷೆ ನಾಲ್ಕು ಜನರಿಗೆ ಗೊತ್ತಾಗಲೆಂದು ಒಂದು ಬಾಗಿಲು ತೆರೆದಿಟ್ಟರು. ಅದರೊಳಗೆ ಹೊಕ್ಕು ನಾನು ಮತ್ತೆ ಮಾತು ಕಲಿತು ಹೊರಬಂದೆ. ಈ ಋಣವನ್ನು ನಮಾಜಿನ ಕೊನೆಗೆ ನೆನೆಯುತ್ತೇನೆ.