ಉಳ್ಳೂರಕ್ಕನ ನಂಬರು

ಮೊನ್ನೆ ಕೊಚ್ಚಿಯಲ್ಲಿ ನಾನಿರುವ ಕಟ್ಟಡದ ಲಿಫ್ಟಿನೊಳಗೆ ಯಾರದೋ ಕೈಯಿಂದ ಸ್ಪಿರಿಟ್ಟಿನ ಬಾಟಲಿ ಬಿದ್ದು ಒಡೆದಿತ್ತು. ಇಂಜೆಕ್ಷನ್ ಚುಚ್ಚುವ ಮೊದಲು ಹತ್ತಿಯಲ್ಲಿ ಅದ್ದಿ ತೋಳಿಗೆ ಒರೆಸುತ್ತಾರಲ್ಲ, ಅದೇ ಸ್ಪಿರಿಟ್. ಜೊತೆಯಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡು ಆಸ್ಪತ್ರೆಯ ಮಾತೆತ್ತಿದರು. ನನಗೆ ನೆನಪಾದದ್ದು ಟೆಲಿಫೋನು.

ಟೆಲಿಫೋನಿಗೆ ಎಲ್ಲಿಯ ವಾಸನೆ ಎಂದು ನೀವು ಕೇಳಬಹುದು. ನಮ್ಮ ಮನೆಯದಕ್ಕೆ ಇತ್ತು. ಅಮ್ಮ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದವಳೇ ಬಂದು ರಿಸೀವರನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು. ಮನೆಗೆ ಬಂದವರೆಲ್ಲ ಆಸ್ಪತ್ರೆಯಿಂದ ನೇರ ಬಂದು ಅದನ್ನೇ ಹಿಡಿದುಕೊಂಡು ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು; ಹಾಗಾಗಿ ದೇವರಿಗೆ ಹೂವು, ಫೋನಿಗೆ ಸ್ಪಿರಿಟ್.

ಮನೆ ಇರುವುದು ತಿರುವನಂತಪುರದ ಉಳ್ಳೂರಿನಲ್ಲಿ, ಮೆಡಿಕಲ್ ಕಾಲೇಜಿಗೆ ನಡೆದೇ ಹೋಗುವಷ್ಟು ಹತ್ತಿರ. ನಾವು ಕಾಸರಗೋಡಿನ ಕನ್ನಡದವರು. ಅಪ್ಪನಿಗೆ ಸೆಕ್ರೆಟೇರಿಯಟಿನಲ್ಲಿ ಕೆಲಸವಿತ್ತು. ಸರಕಾರದ ಕಾನೂನುಗಳನ್ನು ನಮ್ಮ ಊರಿನ ಕನ್ನಡಿಗರಿಗಾಗಿ ಕನ್ನಡಕ್ಕೆ ಇಳಿಸುವುದು. ಅಪ್ಪನ ಕನ್ನಡವನ್ನು ಸರಕಾರ ಅಚ್ಚು ಹಾಕಿಸುತ್ತಿತ್ತು. ಅದನ್ನು ಓದಿದವರನ್ನು ಮಾತ್ರ ನಾವು ಯಾರೂ ಕಂಡಿಲ್ಲ. ಅಮ್ಮನ ಕನ್ನಡವನ್ನು ಯಾರೂ ಅಚ್ಚು ಹಾಕಲಿಲ್ಲ, ಆದರೆ ಅದಕ್ಕಾಗಿ ಫೋನು ದಿನವಿಡೀ ಬಡಿದುಕೊಳ್ಳುತ್ತಿತ್ತು.

ಅದು ಶುರುವಾದದ್ದು ಹೀಗೆ. ಯಾರೋ ನೆಂಟರ ನೆರೆಮನೆಯವರು ಕಾಸರಗೋಡಿನ ಒಳನಾಡಿನಿಂದ ಮೆಡಿಕಲ್ ಕಾಲೇಜಿಗೆ ಚಿಕಿತ್ಸೆಗೆ ಬಂದರು. ಮೀನಿಗೂ ಬಸ್ಸಿಗೂ ಸಾಕಾಗುವ ಅವರ ಮಲಯಾಳ ತಿರುವನಂತಪುರದ ನರ್ಸುಗಳ ವೇಗಕ್ಕೆ ಸಾಕಾಗಲಿಲ್ಲ. ಅಮ್ಮ ಫೋನಿನಲ್ಲೇ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸಿದಳು. ಗುಣವಾಗಿ ಊರಿಗೆ ಹೋದವರು ಸುಮ್ಮನಿರಬೇಕಲ್ಲ! ಮುಂದೆ ಆ ಕಡೆಯ ಹಳ್ಳಿಗಳಲ್ಲಿ ಯಾರೇ ಚಾಪೆ, ಫ್ಲಾಸ್ಕು ಕಟ್ಟಿಕೊಂಡು ತಿರುವನಂತಪುರಕ್ಕೆ ಹೊರಟರೂ ಪಕ್ಕದ ಮನೆಯವರು ಉಪ್ಪಿನಕಾಯಿಯ ಜೊತೆಗೆ ನಮ್ಮ ನಂಬರನ್ನೂ ಕೊಟ್ಟು ಕಳಿಸತೊಡಗಿದರು. ಅಮ್ಮನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವಳು ಉಳ್ಳೂರಕ್ಕ.

ಫೋನು ಇದ್ದದ್ದು ಹಜಾರದಲ್ಲಿ, ಊಟದ ಮೇಜಿಗೆ ತಾಗಿಕೊಂಡು. ಅಮ್ಮ ಪ್ರತಿಯೊಂದನ್ನೂ ಎರಡೆರಡು ಸಲ ಹೇಳುತ್ತಿದ್ದಳು, ಕನ್ನಡದಲ್ಲೊಮ್ಮೆ, ಮಲಯಾಳದಲ್ಲೊಮ್ಮೆ, ಎರಡನ್ನೂ ಏರುದನಿಯಲ್ಲಿ. ಶಾಲೆಯ ಜೀವಶಾಸ್ತ್ರಕ್ಕಿಂತ ಬಹಳ ಮೊದಲೇ ಮನುಷ್ಯನ ದೇಹ ನನಗೆ ಎರಡು ಭಾಷೆಗಳಲ್ಲಿ ಪರಿಚಯವಾಯಿತು. ಒಮ್ಮೆ ಗೆಳತಿಯರು ಬಂದಿದ್ದಾಗ ಅಮ್ಮ ಒಂದು ಕೈಯಲ್ಲಿ ಅವರಿಗೆ ಚಹಾ ಬಗ್ಗಿಸುತ್ತ, ಇನ್ನೊಂದರಲ್ಲಿ ರಿಸೀವರ್ ಹಿಡಿದು, “ಮೂತ್ರದ ಬಣ್ಣ ಎಂಥದ್ದು? ಈ ಚಹಾದ ಹಾಗಾ?” ಎಂದು ಕೇಳಿದಳು. ಆ ಕಡೆಯವರಿಗೆ ಈ ಚಹಾ ಕಾಣುವುದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಗೆಳತಿಯರಿಗೆ ಕಾಣುತ್ತಿತ್ತು. ಕನ್ನಡ ತಿಳಿಯದಿದ್ದರೆ ಏನಂತೆ, ಮುಂದಿನ ಕ್ಷಣವೇ ಮಲಯಾಳ ಬಂತು.

ಇಂಥ ಮನೆಯಲ್ಲಿ ಬೆಳೆದವಳು ಒಂದೋ ಅಮ್ಮನ ಹಾಗೆ ಆಗಬೇಕು, ಅಥವಾ ನನ್ನ ಹಾಗೆ. ನಾನು ತಲೆನೋವು ಬಂದರೂ ಯಾರಿಗೂ ಹೇಳುವವಳಲ್ಲ. ಮೊಬೈಲ್ ನಂಬರನ್ನಂತೂ, ಕೊಡಲೇಬೇಕಾದವರಿಗೂ ಎರಡು ಸಲ ಯೋಚಿಸಿ ಕೊಡುತ್ತೇನೆ.

ಈಗ ನನಗೆ ಕೊಚ್ಚಿಯಲ್ಲಿ, ಹೈಕೋರ್ಟಿನ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸ. ಕಳೆದ ವರ್ಷ ಉಳ್ಳೂರಿನ ರಸ್ತೆಯನ್ನು ಯಾವುದೋ ಪೈಪಿಗಾಗಿ ಅಗೆದರು, ಮುಚ್ಚಿದರು, ಪುನಃ ಅಗೆದರು. ಪ್ರತಿ ಅಗೆತಕ್ಕೂ ನಮ್ಮ ಫೋನಿನ ತಂತಿ ಸತ್ತು ಬದುಕುತ್ತಿತ್ತು. ಬದುಕಿದಾಗಲೂ ಅಮ್ಮನ ಸ್ವರಕ್ಕಿಂತ ಮೊದಲು ಒಂದು ಮೊರೆತ ಕೇಳಿಸುತ್ತಿತ್ತು, ಇಡೀ ಕಡಲೇ ತಂತಿಯೊಳಗೆ ನುಗ್ಗಿದ ಹಾಗೆ. ಈ ಕಂಪನಿ ಬಿಟ್ಟುಬಿಡೋಣ, ಖಾಸಗಿ ಕಂಪನಿಯವರು ಫೈಬರ್ ಎಂಬ ಗಾಜಿನ ತಂತಿ ಎಳೆದು ಫೋನು, ಇಂಟರ್ನೆಟ್ಟು ಎರಡೂ ಕೊಡುತ್ತಾರೆ ಎಂದೆ.

“ನಂಬರು ಇದೇ ಉಳೀತದಾ?” ಅಮ್ಮ ಕೇಳಿದಳು.

“ಉಳೀದೆ ಏನು? ಈಗ ಕಂಪನಿ ಬದಲಿಸಿದ್ರೂ ನಂಬರು ಅದೇ ಇಟ್ಕೊಳ್ಳಬಹುದು. ನಾನೇ ಒಮ್ಮೆ ಬದಲಿಸಿದ್ದೇನೆ ಅಲ್ವಾ?”

“ಅದು ನಿನ್ನ ಮೊಬೈಲು. ಇದು ಫೋನು.”

ನಾನು ನಕ್ಕೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ ಎಂದು ತಿಳಿದದ್ದು ಆಮೇಲೆ. ದಿನಬೆಳಗಾದರೆ ಕಾನೂನು ಓದುವ ನಾನು ಮೊಬೈಲಿನ ನಿಯಮವನ್ನು ಮನೆಯ ಫೋನಿಗೂ ಹಚ್ಚಿ ಮಾತು ಕೊಟ್ಟಿದ್ದೆ. ಹೊಸ ಕಂಪನಿಯ ಯುವಕನೂ ಬಾಗಿಲಲ್ಲೇ “ಎಲ್ಲಾಂ ಶರಿಯಾಕ್ಕಾಂ ಅಂಕಲ್” ಎಂದು ಅಪ್ಪನಿಗೆ ಭರವಸೆ ಕೊಟ್ಟ. ಎಲ್ಲವನ್ನೂ ಸರಿ ಮಾಡಿಯೂ ಹೋದ. ಪುಟ್ಟ ಬಿಳಿ ಫೋನಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಅದರ ಮೇಲೆ ಬೇರೆಯೇ ಒಂದು ನಂಬರು ಬರೆದು.

ಅಮ್ಮ ಆ ಫೋನನ್ನು ಮುಟ್ಟಲಿಲ್ಲ. ಅಪ್ಪ ಗುಟ್ಟಾಗಿ ನನಗೆ ಕರೆ ಮಾಡಿದರು. “ನಿನ್ನ ಅಮ್ಮ ಮುಷ್ಕರದಲ್ಲಿದ್ದಾಳೆ. ಬೇಡಿಕೆ ಒಂದೇ. ನನಗೆ ಚಹಾ ಕೂಡ ಮೌನದಲ್ಲೇ ಸಿಗ್ತಾ ಉಂಟು.”

“ಅಮ್ಮ, ಹೊಸ ನಂಬರನ್ನು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸುವಾ,” ಎಂದೆ, ಅವಳ ಮೊಬೈಲಿಗೆ ಕರೆ ಮಾಡಿ.

“ಯಾರಿಗೆ ಅಂತ ಕಳಿಸ್ತಿ? ಅವರ ನಂಬರು ನನ್ನಲ್ಲಿ ಎಲ್ಲುಂಟು ಮಾರಾಯ್ತಿ? ನನ್ನದು ಅವರಲ್ಲಿರುದು.” ಎಂದಳು ಅಮ್ಮ. “ಈಗಲೇ ಯಾರಾದ್ರೂ ವಾರ್ಡಿನ ಜಗಲಿಯಲ್ಲಿ ನಿಂತು ಒತ್ತುತ್ತಾ ಇರಬಹುದು. ಇಲ್ಲಿ ರಿಂಗೇ ಆಗುದಿಲ್ಲ. ಅವರು ಎಂತ ತಿಳ್ಕೊಳ್ತಾರೆ? ಉಳ್ಳೂರಕ್ಕ ಹೋದಳು, ಪಾಪ, ಅಂತ.”

ಶನಿವಾರ ಬೆಳಗಿನ ರೈಲು ಹತ್ತಿ ತಿರುವನಂತಪುರಕ್ಕೆ ಹೋಗಿ ಹಳೆಯ ಕಂಪನಿಯ ಕಚೇರಿಯಲ್ಲಿ ನಿಂತೆ. ಅಲ್ಲಿದ್ದ ಅಧಿಕಾರಿ, ಮಲ್ಲಿಗೆ ಮುಡಿದ, ಅವಸರವೇ ಇಲ್ಲದ ಹೆಂಗಸು. ನಂಬರನ್ನು ಹೊಸ ಕಂಪನಿಗೆ ಒಯ್ಯುವುದು ಹೇಗೆ ಎಂದು ಕೇಳಿದೆ.

“ಮಗಳೇ, ಮೊಬೈಲ್ ನಂಬರು ಕೋಳಿಯ ಹಾಗೆ. ಬುಟ್ಟಿಗೆ ಹಾಕಿ ಎಲ್ಲಿಗೆ ಬೇಕಾದರೂ ಕೊಂಡುಹೋಗಬಹುದು,” ಎಂದರು ಮಲಯಾಳದಲ್ಲಿ. “ಇದು ತೆಂಗಿನ ಮರ. ಹಿತ್ತಿಲು ಬಿಟ್ಟರೆ ಮರವನ್ನೂ ಬಿಡಬೇಕು.”

ಅದೃಷ್ಟಕ್ಕೆ ನಾವಿನ್ನೂ ಹಿತ್ತಿಲು ಬಿಟ್ಟಿರಲಿಲ್ಲ. ಹಳೆಯ ಸಂಪರ್ಕ ಬೇಡವೆಂದು ಬರೆದುಕೊಡಲು ನಾನು ಹೇಳಿದ್ದರೂ ಅಪ್ಪ, ಜೀವಮಾನವೆಲ್ಲ ಸರಕಾರಿ ಕೆಲಸ ಮಾಡಿದವರು, “ನೋಡುವಾ” ಎಂದು ತಡೆದಿದ್ದರು. ತಂತಿ ಸತ್ತಿತ್ತು, ನಂಬರು ಬದುಕಿತ್ತು. ನಾವೂ ಗಾಜಿನ ತಂತಿ ಎಳೆಯುತ್ತೇವೆ, ನಮ್ಮಲ್ಲೇ ಉಳಿದರೆ ಅದೇ ನಂಬರು, ಸ್ವಲ್ಪ ತಡವಾಗುತ್ತದೆ, ಅಲ್ಲಿಯವರೆಗೆ ಬರುವ ಕರೆಗಳನ್ನು ಯಾವುದಾದರೂ ಮೊಬೈಲಿಗೆ ತಿರುಗಿಸುತ್ತೇನೆ ಎಂದು ಆಕೆ ಹೇಳಿದರು. ಕೀಲಿಮಣೆಯ ಮೇಲೆ ಬೆರಳಿಟ್ಟು, “ನಂಬರ್?” ಎಂದರು.

ಹೇಳಿದೆ. ಮನೆಗೆ ಬಂದು ಅಮ್ಮನಿಗೆ ವರದಿಯನ್ನೂ ಒಪ್ಪಿಸಿದೆ. ಅಮ್ಮ ತನ್ನ ಮೊಬೈಲನ್ನು ಹಳೆಯ ಫೋನಿನ ಜಾಗದಲ್ಲೇ ಇಟ್ಟು, ಸ್ಪಿರಿಟ್ಟಿನಲ್ಲಿ ಒರೆಸಿ, ಎದುರು ಕುಳಿತಳು. ನಾನು ಗೆದ್ದವಳ ಹಾಗೆ ಸಂಜೆಯ ರೈಲು ಹತ್ತಿದೆ.

ಕೊಲ್ಲಂ ದಾಟಿರಬೇಕು. ನನ್ನ ಮೊಬೈಲು ರಿಂಗಾಯಿತು.

“ಉಳ್ಳೂರಕ್ಕನಾ?”

ಆಗ ಅರ್ಥವಾಯಿತು. ಕೌಂಟರಿನಲ್ಲಿ “ನಂಬರ್?” ಎಂದು ಕೇಳಿದಾಗ ಬಾಯಿ ತಾನಾಗಿ ನನ್ನದನ್ನೇ ಹೇಳಿತ್ತು. ಜೀವಮಾನವಿಡೀ ಬಚ್ಚಿಟ್ಟದ್ದನ್ನು ಇಡೀ ಕಾಸರಗೋಡು ತಾಲೂಕಿಗೆ ನಾನೇ ತೆರೆದುಕೊಟ್ಟಿದ್ದೆ.

“ಅಲ್ಲ, ನಾನು ಅವರ...”

“ಅಯ್ಯೋ ದೇವರೇ, ಅಂತೂ ಸಿಕ್ಕಿದ್ರಿ ಅಕ್ಕಾ! ಮೊನ್ನೆಯಿಂದ ಮಾಡ್ತಾ ಇದ್ದೇನೆ. ನಾನು ಸರೋಜಿನಿ. ನಮ್ಮವರಿಗೆ ಹೊಟ್ಟೆಯ ಆಪರೇಷನ್ ಆಗಿದೆ. ಸಿಸ್ಟರ್ ಬಂದು ಎಂತದೋ ಕೇಳ್ತಾರೆ, ಇವರು ಗೋಡೆ ನೋಡಿಕೊಂಡು ಇಲ್ಲ ಅಂತಾರೆ, ಅವರು ಹೋಗ್ತಾರೆ. ಒಂದು ತೊಟ್ಟು ಗಂಜಿ ಇಲ್ಲ ಅಕ್ಕಾ. ಇಗೊಳ್ಳಿ, ಸಿಸ್ಟರಿಗೆ ಕೊಡ್ತೇನೆ.”

ಸಿಸ್ಟರ್ ಮಲಯಾಳದಲ್ಲಿ ಒಂದೇ ಉಸಿರಿಗೆ ಹೇಳಿದಳು: ಆಪರೇಷನ್ ಆದವರಿಗೆ ಗ್ಯಾಸ್ ಹೋಗಬೇಕು, ಹೋದರೆ ಮಾತ್ರ ಡಾಕ್ಟರು ಆಹಾರ ಕೊಡಲು ಹೇಳುತ್ತಾರೆ, ಹೋಯಿತೋ ಇಲ್ಲವೋ ಕೇಳಿ ಹೇಳಿ ಚೇಚೀ. ಅವಳಿಗೂ ನಾನು ಅಕ್ಕ.

ರೈಲಿನ ಡಬ್ಬಿ ತುಂಬ ಜನ. ನಾನು ಕಿಟಕಿಗೆ ಮುಖ ಮಾಡಿ, ಸಾಧ್ಯವಾದಷ್ಟು ಗಂಭೀರವಾಗಿ, “ಅಪಾನವಾಯು ವಿಸರ್ಜನೆ ಆಗಿದೆಯಾ ಅಂತ ಕೇಳ್ತಿದ್ದಾರೆ,” ಎಂದೆ.

“ಎಂತ ಆಗಿದೆಯಾ?”

“ವಾಯು. ವಾಯು ಹೋಗಿದೆಯಾ?”

“ಆಯು ಹೋಗುದಾ? ಹಾಗೆಲ್ಲ ಹೇಳ್ಬೇಡಿ ಅಕ್ಕಾ!” ಸರೋಜಿನಿಯಮ್ಮ ಅಳುವುದರಲ್ಲಿದ್ದರು. ರೈಲು ಸೇತುವೆಯ ಮೇಲೆ ಬಂದು ದಡದಡ ಶುರುವಾಯಿತು. ಮರ್ಯಾದೆಯೋ ಗಂಜಿಯೋ ಎಂದು ತೀರ್ಮಾನಿಸುವ ಹೊತ್ತು.

“ಹೂಸು!” ಎಂದು ಕೂಗಿದೆ. “ಹೂಸು ಬಿಟ್ಟಿದ್ದಾರಾ?”

“ಓ, ಅದಾ?” ಆ ಕಡೆ ಸ್ವರಕ್ಕೆ ಜೀವ ಬಂತು. “ಬೆಳಿಗ್ಗೆಯಿಂದ ಅದೇ ಕೆಲಸ! ಆ ಸಣ್ಣ ಹುಡುಗಿಯ ಹತ್ರ ಹೇಳ್ಲಿಕ್ಕೆ ಇವರಿಗೆ ನಾಚಿಕೆ.”

ಮತ್ತೆ ಸಿಸ್ಟರಿಗೆ ಮಲಯಾಳದಲ್ಲಿ, “ಪೋಯಿ, ನಲ್ಲೋಣಂ ಪೋಯಿ” ಎಂದೆ. ಹೋಗಿದೆ, ಚೆನ್ನಾಗಿಯೇ ಹೋಗಿದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಬ್ಯಾಗನ್ನು ಮೆಲ್ಲನೆ ಆಚೆ ಸರಿಸಿಕೊಂಡರು. ಸದ್ಯ, ಕನ್ನಡದ್ದಾದರೂ ಯಾರಿಗೂ ತಿಳಿಯಲಿಲ್ಲವಲ್ಲ ಎಂದು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡೆ. ಆಗ ಎದುರಿನ ಸೀಟಿನಲ್ಲಿ ಪೇಪರಿನ ಮರೆಯಲ್ಲಿದ್ದವರು ಪೇಪರು ಮಡಚಿ, ತಣ್ಣಗೆ, ಮೈಸೂರಿನ ಕನ್ನಡದಲ್ಲಿ ಹೇಳಿದರು: “ಒಳ್ಳೇದಾಯ್ತು ಬಿಡಿ ಮೇಡಂ. ಇನ್ನು ಊಟ ಕೊಡ್ತಾರೆ.” ಯಾವುದೋ ಬ್ಯಾಂಕಿನ ಮ್ಯಾನೇಜರಂತೆ, ಕೊಚ್ಚಿಗೆ ವರ್ಗವಾಗಿತ್ತಂತೆ.

ಅಮ್ಮನಿಗೆ ಕರೆ ಮಾಡಿ ನಂಬರಿನ ಎಡವಟ್ಟನ್ನು ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವಳು ಕೇಳಿದ್ದು, “ಗಂಜಿ ಕೊಟ್ಟರಾ?”

“ಕೊಡ್ತಾರಂತೆ.”

“ಕೊಡ್ತಾರಂತೆ ಅಂದ್ರೆ ಕೊಟ್ಟ ಹಾಗಾಯ್ತಾ? ಕೇಳು. ಫೋನು ಇಟ್ಟ ಮೇಲೆ ಅರ್ಧ ಕೆಲಸ ಬಾಕಿ ಇರ್ತದೆ.”

ಹಾಗೊಂದು ಕೆಲಸ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ನಾನು ಕೇಳಿಸಿಕೊಂಡಿದ್ದದ್ದು ಅಮ್ಮನಿಗೆ ಬಂದ ಕರೆಗಳನ್ನು ಮಾತ್ರ. ನಾನು ಶಾಲೆಗೆ ಹೋದ ಮೇಲೆ ಅವಳು ವಾರ್ಡುಗಳಿಗೆ ತಿರುಗಿ ಮಾಡುತ್ತಿದ್ದ ಕರೆಗಳನ್ನಲ್ಲ. ಎರ್ನಾಕುಲಂ ತಲುಪುವ ಮುಂಚೆ ಸರೋಜಿನಿಯಮ್ಮನಿಗೆ ನನ್ನ ಮೊಬೈಲಿನಿಂದಲೇ ಮಾಡಿದೆ.

“ಕುಡಿದ್ರು ಅಕ್ಕಾ. ಉಪ್ಪು ಸಾಲದು ಅಂತ ಜೋರು ಮಾಡ್ತಾ ಇದ್ದಾರೆ,” ಎಂದರು. ಹಿಂದೆ ಗಂಡಸಿನ ಗೊಣಗಾಟ ಕೇಳಿಸಿತು. ನನಗೆ ಇಷ್ಟು ಖುಷಿ ಕೊಟ್ಟ ಗೊಣಗಾಟವನ್ನು ನಾನು ಬೇರೆ ಕೇಳಿಲ್ಲ.

ಕರೆಗಳನ್ನು ಸೋಮವಾರವೇ ಅಮ್ಮನ ಮೊಬೈಲಿಗೆ ತಿರುಗಿಸಿದ್ದಾಯಿತು. ಈಗ ಗಾಜಿನ ತಂತಿಯೂ ಬಂದಿದೆ, ಉಳ್ಳೂರಕ್ಕನ ನಂಬರು ಉಳಿದಿದೆ. ಖಾಸಗಿ ಕಂಪನಿಯ ಬಿಳಿ ಫೋನು ಅಪ್ಪನಿಗೆ. ಅದಕ್ಕೆ ಯಾರೂ ಕರೆ ಮಾಡುವುದಿಲ್ಲವೆಂದು ಅವರಿಗೆ ಅದರ ಮೇಲೆ ಪ್ರೀತಿ. ಆದರೆ ಅಂದು ನಾನು ತಿರುಗಿ ಮಾಡಿದ ಕರೆ ಸರೋಜಿನಿಯಮ್ಮನ ಮೊಬೈಲಿನಲ್ಲಿ ಉಳಿದುಕೊಂಡಿತ್ತು. ಉಳ್ಳೂರಕ್ಕನಿಗೆ ಕೊಚ್ಚಿಯಲ್ಲೊಬ್ಬಳು ಮಗಳಿದ್ದಾಳೆಂಬ ಸುದ್ದಿ ಊರಿನಲ್ಲಿ ಹಬ್ಬಲು ಬಹಳ ಹೊತ್ತು ಹಿಡಿಯಲಿಲ್ಲ. ಕೊಚ್ಚಿಯಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಸಾಲದ್ದಕ್ಕೆ ಹೈಕೋರ್ಟೂ ಇದೆ.

ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ನನ್ನ ಮೊಬೈಲಿಗೆ ಒಬ್ಬರು ಕರೆ ಮಾಡಿದ್ದರು. ಹೆಂಡತಿಯ ಕಣ್ಣಿನ ಪರೀಕ್ಷೆ. ಎಲ್ಲವನ್ನೂ ವಿವರಿಸಿದೆ, ಸಂಜೆ ತಿರುಗಿ ಮಾಡಿ ಏನಾಯಿತೆಂದು ಕೇಳಿದೆ. ಇಡುವ ಮೊದಲು ಅವರು ಸಂಕೋಚದಿಂದ, “ಈ ನಂಬರು ಊರಲ್ಲಿ ಬೇರೆಯವರಿಗೆ ಕೊಡಬಹುದಾ?” ಎಂದರು. ನಮ್ಮ ಮನೆಯ ಚರಿತ್ರೆಯಲ್ಲಿ ಹಾಗೆ ಅಪ್ಪಣೆ ಕೇಳಿದವರು ಅವರೊಬ್ಬರೇ.

“ಕೊಡಿ,” ಎಂದೆ. “ಆದರೆ ತಿರುವನಂತಪುರದ ವಿಷಯ ಆದ್ರೆ ಅಮ್ಮನಿಗೇ ಮಾಡಬೇಕು. ನನಗೆ ಮಾಡಿದ್ರೆ ಅವಳಿಗೆ ಸಿಟ್ಟು ಬರ್ತದೆ.”

“ಆಯ್ತು ಅಕ್ಕಾ,” ಎಂದರು. ಸ್ವರ ಕೇಳಿದರೆ ಅವರಿಗೆ ನನ್ನ ಅಪ್ಪನ ವಯಸ್ಸು.