ಖಾಲಿ ಬಂದೂಕು ತೋರಿಸಿದ ದೊಡ್ಡಪ್ಪ

ಇದು ನಡೆದ ಊರಿನ ಹೆಸರು ಬರೆಯುವುದಿಲ್ಲ. ಚನ್ನಗಿರಿಯವರು ಹೊನ್ನಾಳಿ ಎಂದುಕೊಳ್ಳಲಿ, ಹೊನ್ನಾಳಿಯವರು ನ್ಯಾಮತಿ ಎನ್ನಲಿ, ನ್ಯಾಮತಿಯವರು ದೂರದ ಜಗಳೂರಿನ ತಲೆಗೆ ಕಟ್ಟಲಿ. ನಾಲ್ಕೂ ಕಡೆ ಬಸ್ ನಿಲ್ದಾಣವಿದೆ, ಮೆಕ್ಕೆಜೋಳವಿದೆ, ಅದನ್ನು ತಿನ್ನಲು ಹಂದಿಗಳಿವೆ. ಭಯೋತ್ಪಾದಕರು ಮಾತ್ರ ಇನ್ನೂ ಬಂದಿಲ್ಲ. ಅವರು ಬಂದರೆ ಏನು ಮಾಡಬೇಕೆಂದು ಅಭ್ಯಾಸ ಮಾಡುವಾಗ ನನ್ನ ದೊಡ್ಡಪ್ಪ ಸಾಯುವುದರಲ್ಲಿದ್ದರು, ಅಷ್ಟೇ.

ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲು ಅವರ ಬಳಿ ಲೈಸೆನ್ಸ್ ಇರುವ ಒಂಟಿನಳಿಗೆ ಬಂದೂಕೊಂದಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಒಪ್ಪಿಸುವಾಗಲೂ ಬಿಡಿಸಿಕೊಳ್ಳುವಾಗಲೂ ದಫೇದಾರರು "ಗನ್ ತೋರ್ಸ್ರಿ" ಎನ್ನುತ್ತಾರೆ. ಆಗ ಬಂದೂಕನ್ನು ನಡುವಿಗೆ ಬಾಗಿಸಿ, ನಳಿಗೆಯನ್ನು ಬೆಳಕಿಗೆ ಹಿಡಿದು, ಒಳಗೆ ತೋಟಾ ಇಲ್ಲವೆಂದು ತೋರಿಸಬೇಕು. ದೊಡ್ಡಪ್ಪ ಇದನ್ನು ಎಷ್ಟು ಚುನಾವಣೆಗಳಿಂದ ಮಾಡಿದ್ದಾರೆಂದರೆ, ಪೊಲೀಸರ ಬಾಯಲ್ಲಿ ಗನ್ ಎಂಬ ಮಾತು ಬಂದರೆ ಸಾಕು, ಕೈ ತಾನಾಗಿ ನಳಿಗೆಗೆ ಹೋಗುತ್ತದೆ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಇಷ್ಟು ವಿಧೇಯ ಪ್ರಜೆಯನ್ನು ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಆ ದಿನ ಬೆಳಿಗ್ಗೆ ದಫೇದಾರರ ಫೋನ್ ಬಂತು. "ಯಜಮಾನ್ರೇ, ಇವತ್ತೇ ಬಂದು ನಿಮ್ಮ ಬಂದೂಕು ತಗೊಂಡು ಹೋಗ್ರಿ. ದೊಡ್ಡ ಸಾಹೇಬ್ರು ಬರ್ತಾರೆ, ಮೂಲೇಲಿ ಇವೆಲ್ಲ ಬಿದ್ದಿದ್ರೆ ಚೆನ್ನಾಗಿ ಕಾಣಲ್ಲ."

ಸಾಹೇಬರು ಏಕೆ ಬರುತ್ತಾರೆಂದು ಅವರು ಹೇಳಲಿಲ್ಲ. ಠಾಣೆಯ ಮೂಲೆ ಸ್ವಚ್ಛವಾಗುವುದು ಮುಖ್ಯ. ಅರ್ಜಿ ಬರೆಯಲು ನಾನೂ ಜೊತೆಗೆ ಹೋದೆ. ದೊಡ್ಡಪ್ಪ ನಳಿಗೆ ತೋರಿಸಿದರು, ರಿಜಿಸ್ಟರಿನಲ್ಲಿ ಸಹಿ ಹಾಕಿದರು, ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡರು. ಚೀಲ ಗಿಡ್ಡ, ಬಂದೂಕು ಉದ್ದ. ನಳಿಗೆಯ ತುದಿ ಗೇಣುದ್ದ ಹೊರಗೇ ಉಳಿಯಿತು. ನಿಲ್ದಾಣಕ್ಕೆ ಬಂದು ಕಲ್ಲುಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನತೊಡಗಿದೆವು. ಎದುರಿಗೆ ಶಾಮಿಯಾನ ಹಾಕಿತ್ತು. ಯಾವುದೋ ಉದ್ಘಾಟನೆ ಇರಬೇಕೆಂದುಕೊಂಡೆ.

ಮೊದಲು ಒಂದು ಸ್ಫೋಟ. ಆಮೇಲೆ ಗುಂಡಿನ ಸದ್ದು. ಮುಖಕ್ಕೆ ಟವೆಲ್ ಸುತ್ತಿಕೊಂಡ ಇಬ್ಬರು ಕ್ಯಾಂಟೀನಿನಿಂದ ಓಡಿಬಂದರು. ನಿಲ್ದಾಣದ ಚಾವಣಿಯಿಂದ ಹಗ್ಗ ಹಿಡಿದು ಕಪ್ಪು ಬಟ್ಟೆಯ ಕಮಾಂಡೊಗಳು ಸರಸರನೆ ಇಳಿದರು. ನಾನು ಬೆಂಚಿನ ಕೆಳಗಿದ್ದೆ. ಎರಡು ಪದವಿಗಳು ನನಗೆ ಕಲಿಸಿದ್ದು ಅಷ್ಟೇ.

ದೊಡ್ಡಪ್ಪ ಮಂಡಕ್ಕಿ ಪೊಟ್ಟಣ ಹಿಡಿದು ಕೂತೇ ಇದ್ದರು. "ಏನವ್ವ ಅದು, ಟೈರ್ ಸಿಡೀತಾ?"

ಗುಂಡಿನ ಸದ್ದಿನ ನಡುವೆ ನಗು ಕೇಳಿಸಿತು. ಪಕ್ಕದಲ್ಲಿ ಶೇಂಗಾ ಮಾರುವ ಹೆಂಗಸು ಟವೆಲ್ ಸುತ್ತಿದವನತ್ತ ಕೈ ತೋರಿಸುತ್ತಿದ್ದಳು.

"ಏ, ನೀನು ಹೋಂಗಾರ್ಡ್ ಅಲ್ವೇನೋ! ನಿನ್ನೆ ನನ್ನ ಬುಟ್ಟಿ ಎತ್ತಿಸಿದೋನು!"

"ಸುಮ್ನಿರಕ್ಕ, ಸಾಹೇಬ್ರು ನೋಡ್ತಿದಾರೆ," ಎಂದ ಭಯೋತ್ಪಾದಕ, ಟವೆಲ್ಲಿನೊಳಗಿಂದ.

"ಹಂಗಾದ್ರೆ ಸರಿಯಾಗಿ ಸಾಯಿ. ಮಧ್ಯಾಹ್ನದ ಊಟನಾದ್ರೂ ಹಾಕ್ತಾರೆ."

ಆಗ ಮೈಕ್ ಹೇಳಿತು: ಇದು ಅಣಕು ಕಾರ್ಯಾಚರಣೆ, ಸಾರ್ವಜನಿಕರು ಗಾಬರಿಯಾಗಬಾರದು. ಬೆಳಿಗ್ಗೆಯೇ ಆಟೋದಲ್ಲಿ ಸಾರಿದ್ದರಂತೆ. ಹನ್ನೊಂದರ ಬಸ್ಸಿಗೆ ಬಂದವರು ಗಾಬರಿಯಾಗಿದ್ದರೆ ಅದು ಅವರ ತಪ್ಪು. ನಾನು ಮಂಡಿಯ ಧೂಳು ಕೊಡವಿಕೊಂಡು ಮೇಲೆದ್ದೆ. ಅಪಾಯ ಶುರುವಾದದ್ದು ಆಗ.

ನಮ್ಮ ಕಡೆ ಕಾವಲು ನಿಂತಿದ್ದ ಕಮಾಂಡೊ ತಿರುಗಿದ. ಚೀಲದಿಂದ ಹೊರಬಂದಿದ್ದ ನಳಿಗೆ ಕಂಡಿತು. "ಗನ್! ಗನ್!" ಎಂದು ಜೊತೆಗಾರನಿಗೆ ಕೂಗಿದ.

"ಐತ್ರೀ, ತೋರಿಸ್ತೀನಿ," ಎಂದರು ದೊಡ್ಡಪ್ಪ. ಮಂಡಕ್ಕಿ ಪಕ್ಕಕ್ಕಿಟ್ಟು, ಎದ್ದು ನಿಂತು, ಚೀಲ ಎಳೆದು ಬಂದೂಕನ್ನು ನಡುವಿಗೆ ಬಾಗಿಸಿದರು. ತೋಟಾ ತುಂಬುವವನು ಮಾಡುವುದೂ ಅದನ್ನೇ. ಬಹಳ ದುಡ್ಡು ಖರ್ಚು ಮಾಡಿ ಆ ಕಮಾಂಡೊಗೆ ಅದನ್ನು ಗುರುತಿಸಲು ಕಲಿಸಿರುತ್ತಾರೆ. ಖಾಲಿ ತೋರಿಸುವವನನ್ನು ಗುರುತಿಸಲು ಯಾರೂ ಕಲಿಸಿರಲಿಲ್ಲ.

"ಬಿಡು! ಕೆಳಗೆ ಬಿಡು!" ಅವನ ಬಂದೂಕು ದೊಡ್ಡಪ್ಪನ ಎದೆಗೆ ಬಂತು.

"ಖಾಲಿ ಐತ್ರೀ, ನೋಡ್ರಿ." ಅವನಿಗೂ ಕಾಣಲೆಂದು ದೊಡ್ಡಪ್ಪ ನಳಿಗೆಯನ್ನು ಅವನತ್ತಲೇ ತಿರುಗಿಸಿದರು.

ನಾನು ಕೂಗಬೇಕಿತ್ತು. ಬಾಯಿ ತೆರೆದೆ, ಒಳಗಿದ್ದ ಮಂಡಕ್ಕಿ ಬಿತ್ತು, ಧ್ವನಿ ಬರಲಿಲ್ಲ. ಅವನ ತೋರುಬೆರಳು ಬಂದೂಕಿನ ಬದಿಯಲ್ಲಿ ನೇರವಾಗಿತ್ತು. ಅದು ನಿಧಾನವಾಗಿ ಬಾಗಿ ಟ್ರಿಗರ್ ಬಳೆಯೊಳಗೆ ಹೋಯಿತು. ಆ ಬೆರಳನ್ನು ಈಗಲೂ ನೋಡುತ್ತೇನೆ. ಪಾಠದ ನಡುವೆ ಸೀಮೆಸುಣ್ಣ ಹಿಡಿದ ನನ್ನ ಕೈ ನೋಡಿಕೊಂಡರೆ ಅದೇ ಬೆರಳು. ಹುಡುಗಿಯರು "ಮ್ಯಾಮ್, ಮುಂದೆ?" ಎನ್ನುತ್ತಾರೆ. ಮುಂದೆ ಏನಾಗಬಹುದಿತ್ತೆಂದು ಅವರಿಗೆ ಹೇಳುವಂತಿಲ್ಲ.

"ಸಾರ್! ಸಾರ್! ಅದು ನಮ್ಮ ಸ್ಟೇಷನ್ ಗನ್ನು ಸಾರ್!" ಶಾಮಿಯಾನದ ಕೆಳಗಿನಿಂದ ದಫೇದಾರರು ಬಿಸ್ಕತ್ತು ಹಿಡಿದ ಕೈ ಎತ್ತಿಕೊಂಡು ಓಡಿಬಂದರು. "ಈಗ್ತಾನೆ ಸೈನ್ ಹಾಕಿಸ್ಕೊಂಡು ನಾನೇ ಕೊಟ್ಟು ಕಳ್ಸೀನಿ ಸಾರ್!"

ಬೆರಳು ಹೊರಗೆ ಬಂತು.

ಅಷ್ಟರಲ್ಲಿ ಅತ್ತ ಹೋಂಗಾರ್ಡುಗಳಿಬ್ಬರೂ ಸತ್ತಿದ್ದರು. ಕಾರ್ಯಾಚರಣೆ ಯಶಸ್ವಿ, ಯಾವುದೇ ಪ್ರಾಣಹಾನಿ ಇಲ್ಲ ಎಂದು ಮೈಕ್ ಹೇಳಿತು. ಚಪ್ಪಾಳೆ ಬಿತ್ತು. ದಫೇದಾರರು ಬೆವರು ಒರೆಸಿಕೊಂಡು ದೊಡ್ಡಪ್ಪನನ್ನೇ ಬೈದರು: "ಇಂಥ ಟೈಮಲ್ಲಿ ಯಾರಾದ್ರೂ ಬಂದೂಕು ತರ್ತಾರೇನ್ರೀ?"

"ನೀವೇ ಅಲ್ವೇನ್ರೀ ಫೋನ್ ಮಾಡಿದ್ದು?"

ದಫೇದಾರರಿಗೆ ಶಾಮಿಯಾನದಲ್ಲಿ ತುರ್ತು ಕೆಲಸ ನೆನಪಾಯಿತು.

ಕಮಾಂಡೊ ಹತ್ತಿರ ಬಂದು ಮುಖವಸ್ತ್ರ ಇಳಿಸಿದ. ನನ್ನ ವಿದ್ಯಾರ್ಥಿಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. "ತಪ್ಪು ತಿಳೀಬೇಡ್ರಿ ಅಜ್ಜಾರೆ," ಎಂದ.

ನನಗೆ ಆಗ ಧ್ವನಿ ಬಂತು. "ನಿಮ್ಮದರಲ್ಲಿ ಇದ್ದದ್ದು ಬರೀ ಸದ್ದು ಮಾಡೋ ಗುಂಡು ಅಲ್ವಾ?"

ಅವನು ಬೂಟು ನೋಡಿಕೊಂಡ.

"ನಾನು ತೋರಿಸಿದ್ನಲ್ಲಪ್ಪ," ಎಂದರು ದೊಡ್ಡಪ್ಪ ಮೆಲ್ಲಗೆ. "ನೀನೂ ತೋರ್ಸು."

ಅವನು ಒಮ್ಮೆ ಶಾಮಿಯಾನದತ್ತ ನೋಡಿ, ಬೆನ್ನು ತಿರುಗಿಸಿ ನಿಂತು, ಗುಂಡಿನ ಡಬ್ಬಿ ಕಳಚಿ ಅಂಗೈಯಲ್ಲಿ ಹಿಡಿದ. ಬಾಯಿತನಕ ತುಂಬಿದ್ದ ಗುಂಡುಗಳು ಹಳದಿಯಾಗಿ ಹೊಳೆದವು.

"ಒಳಗೆ ಮಾಡೋರಿಗೆ ಸದ್ದಿನ ಗುಂಡು ಕೊಡ್ತಾರ್ರೀ. ಸುತ್ತ ಕಾಯೋರಿಗೆ ನಿಜವಾದ್ದು. ಡ್ರಿಲ್ ನಡೀವಾಗ ನಿಜವಾಗ್ಲೂ ಯಾರಾದ್ರೂ ಬಂದ್ರೆ ಅಂತ."

"ನಾನೇ ಬಂದಿದ್ನಲ್ಲ," ಎಂದರು ದೊಡ್ಡಪ್ಪ. ಡಬ್ಬಿಯೊಳಗೆ ಇಣುಕಿ ನೋಡಿ, ಠಾಣೆಯಲ್ಲಿ ದಫೇದಾರರು ಹೇಳುವ ಧಾಟಿಯಲ್ಲೇ ಹೇಳಿದರು: "ಸರಿ, ಮುಚ್ಚು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೂಕನ್ನು ಕಾಲುಗಳ ನಡುವೆ ಇಟ್ಟುಕೊಂಡರು. ಉಳಿದ ಮಂಡಕ್ಕಿಯನ್ನು ನನಗೆ ಕೊಡಲು ಬಂದರು. ಪೊಟ್ಟಣ ಗಡಗಡ ನಡುಗಿ ಅರ್ಧ ಮಂಡಕ್ಕಿ ಅವರ ಪಂಚೆಯ ಮೇಲೆ ಚೆಲ್ಲಿತು.

"ರೋಡು ಸರಿ ಇಲ್ಲ ನೋಡವ್ವ," ಎಂದರು.

ಹೌದು ಎಂದೆ. ಬಸ್ಸು ಇನ್ನೂ ಹೊರಟಿರಲಿಲ್ಲ.