ಇನ್ನೆರಡು ವಾರ

ಎದುರಿನ ಕಟ್ಟಡದ ಕೆಲಸದವರ ಶೆಡ್ಡಿನಲ್ಲಿ ಇವತ್ತು ಬೆಳಗ್ಗೆ ಯಾರೋ ಮಿಶ್ರಿ ಹುರಿದರು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಸುಟ್ಟು, ಪುಡಿ ಮಾಡಿ, ವಸಡಿಗೆ ತಿಕ್ಕಿಕೊಳ್ಳುವ ದರಿದ್ರ ಚಟ ಅದು. ಪುಣೆಗೆ ದುಡಿಯಲು ಬಂದ ನಮ್ಮ ಕಡೆಯ ಹೆಂಗಸರಿಗೆ ಬಲು ಬೇಗ ಅಂಟುತ್ತದೆ. ಕೊಂಢ್ವಾ ಬಡಾವಣೆಯ ನನ್ನ ಮೂರನೇ ಮಹಡಿಯ ಮನೆಯವರೆಗೂ ಘಾಟು ಏರಿತು. ಕಿಟಕಿ ಮುಚ್ಚಿದೆ, ಆದರೂ ಹೋಗಲಿಲ್ಲ... ಆಸ್ಪತ್ರೆಯಲ್ಲಿ ನನ್ನ ಮಗ್ಗುಲ ಹಾಸಿಗೆಯವಳ ತಲೆದಿಂಬು ಇದೇ ನಾತ ಹೊಡೆಯುತ್ತಿತ್ತು.

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹಾಗೆ ಬರೆಯಬಾರದು ಎನ್ನುತ್ತಾರೆ. ಎನ್ನಲಿ.

ಇಬ್ಬರದೂ ಒಂದೇ ರೋಗ, ಹೃದಯದ ಕವಾಟಕ್ಕೆ ಸೋಂಕು. ನನ್ನ ಕವಾಟ ಚಿಕ್ಕಂದಿನ ಕೀಲುಜ್ವರದಲ್ಲೇ ಕೆಟ್ಟಿತ್ತು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಬಾಯಿಯ ಕ್ರಿಮಿ ರಕ್ತಕ್ಕಿಳಿದು ಅಲ್ಲಿ ಹೋಗಿ ಕೂತಿತು. ಅವಳದೂ ಅಂಥದೇ ಕವಾಟ, ಜೊತೆಗೆ ಮಿಶ್ರಿ ತಿಕ್ಕಿ ತಿಕ್ಕಿ ರಕ್ತ ಒಸರುವ ವಸಡು. ಇಬ್ಬರಿಗೂ ಆರು ವಾರ ರಕ್ತನಾಳಕ್ಕೆ ಇಂಜೆಕ್ಷನ್. ಒಂದೇ ವಾರದಲ್ಲಿ ಶುರುವಾಗಿದ್ದರಿಂದ ಆರು ವಾರವೂ ಅವಳೇ ನನ್ನ ಪಕ್ಕ ಇರಬೇಕಿತ್ತು.

ಯಾದಗಿರಿ ಕಡೆಯವಳು. ಗಂಡ ಗೌಂಡಿ, ಇವಳು ಕಲಸಿದ ಸಿಮೆಂಟು ಹೊರುವವಳು. ಫೋನಿನಲ್ಲಿ ವಾರ್ಡಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು, ನನ್ನ ಬಾಟಲಿಯ ನೀರನ್ನೇ ಎತ್ತಿ ಕುಡಿಯುತ್ತಿದ್ದಳು. ನನ್ನ ಬಲಗೈಗೆ ಸೂಜಿ ಚುಚ್ಚಿದ್ದ ದಿನ ಕೇಳದೆ ಹೇಳದೆ ಬಂದು ನನ್ನ ತಲೆ ಬಾಚಿದಳು. ಬಿಗಿಯಾಗಿ ಹೆರಳು ಹಾಕಿ, ಕೂದಲು ಭಾಳ ಉದರ್ತಾವ ನೋಡ್ರಿ ಎಂದು ಬುದ್ಧಿ ಬೇರೆ ಹೇಳಿದಳು. ಮೈಯೆಲ್ಲ ಉರಿದುಹೋಗಿತ್ತು ನನಗೆ.

ಅವಳಿಗೆ ಮರಾಠಿ ಅಷ್ಟಕ್ಕಷ್ಟೆ. ಡಾಕ್ಟರಿಗೆ ಕನ್ನಡ ಬಾರದು. ನಡುವೆ ಸಿಕ್ಕವಳು ನಾನು. ಅವರು ಹೇಳಿದ್ದನ್ನು ಇವಳಿಗೆ, ಇವಳು ಗೊಣಗಿದ್ದನ್ನು ಅವರಿಗೆ ದಾಟಿಸುವ ಕೆಲಸ ನನ್ನ ತಲೆಗೆ ಕಟ್ಟಿದರು.

ನಾಲ್ಕನೇ ವಾರದ ಕೊನೆಗೆ ನನ್ನ ಆಫೀಸಿನವರು ನೋಡಲು ಬಂದರು. ಇಪ್ಪತ್ತು ವರ್ಷದಿಂದ ಅವರ ಜೊತೆ ಅಚ್ಚ ಮರಾಠಿ ಮಾತಾಡಿಕೊಂಡು ಬಂದವಳು ನಾನು, ಎಲ್ಲಿಯವಳು ಎಂದು ಯಾರೂ ಕೇಳುತ್ತಿರಲಿಲ್ಲ. ಇವಳು ಮಂಚದ ಮೇಲೆ ಕಾಲು ಚಾಚಿ ಕೂತು, ಕರ್ರಗಿನ ಹಲ್ಲು ಬಿಟ್ಟು, ಹರಕು ಮರಾಠಿಯಲ್ಲಿ ಎಲ್ಲವನ್ನೂ ಒದರಿದಳು. ಇವರು ನಮ್ಮಕ್ಕ, ನಮ್ಮ ಕಡೆಯವರೇ, ನಮ್ಮಿಬ್ಬರದೂ ಒಂದೇ ರೋಗ. ಅವರು ನಕ್ಕರು. ನಾನೂ ನಗಬೇಕಾಯಿತು. ಅವರು ಹೋದ ಮೇಲೆ ಸಿಸ್ಟರನ್ನು ಕರೆದು, ಅವಳ ದಿಂಬಿನ ಕೆಳಗಿದ್ದ ಮಿಶ್ರಿ ಡಬ್ಬಿ ತೋರಿಸಿದೆ. ಕಸಿದುಕೊಂಡು ಹೋದರು. ಅವಳ ವಸಡಿನ ಚಿಂತೆಯಿಂದ ತೋರಿಸಿದೆ ಎಂದರೆ ನನ್ನ ನಾಲಿಗೆ ಸೇದಿಹೋಗಲಿ.

ಮಾರನೆಯ ದಿನ ಅವಳು ಹೊರಟು ನಿಂತಳು. ಮಿಶ್ರಿ ಇಲ್ಲದೆ ತಲೆ ಸಿಡಿಯುತ್ತದೆ, ಜ್ವರವೂ ಹೋಗಿದೆ, ಗಂಡನ ತಂಡ ಶಿರೂರಿನ ಹೊಸ ಕೆಲಸಕ್ಕೆ ಹೊರಟಿದೆ, ತಾನೊಬ್ಬಳೇ ಇಲ್ಲಿ ಯಾಕೆ ಬಿದ್ದಿರಬೇಕು ಎಂಬ ವಾದ. ಡಾಕ್ಟರ್ ಬಂದು ಮಂಚದ ಅಂಚಿಗೆ ಕೂತು, ಕೇಸ್ ಪೇಪರಿನ ಹಿಂದೆ ಹೃದಯದ ಚಿತ್ರ ಬರೆದು, ಹತ್ತು ನಿಮಿಷ ತಾಳ್ಮೆಯಿಂದ ವಿವರಿಸಿದರು. ಆಮೇಲೆ ನನ್ನತ್ತ ತಿರುಗಿ, ನೀಟಾಗಿ ತಿಳಿಸಿ ಹೇಳಿ ಮೇಡಂ ಎಂದರು.

"ಏನಂತಾರ್ರಿ ಅಕ್ಕ?" ಎಂದಳು.

"ಇರು ಅಂತಾರ. ಮುಂದ ನಿನ್ನ ಮರ್ಜಿ."

ತನ್ನ ಜವಾಬ್ದಾರಿಯ ಮೇಲೆ ಹೋಗುತ್ತೇನೆ ಎಂಬ ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಿ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಿದಳು, ನಾನು ಗೋಡೆಯ ಕಡೆ ಹೊರಳಿದೆ. ಆ ಮಧ್ಯಾಹ್ನ ಹಾಯಾಗಿ ನಿದ್ದೆ ಬಂತು.

ನನ್ನ ಇಂಜೆಕ್ಷನ್ ಮುಗಿಯಲು ಎರಡು ದಿನ ಇದ್ದಾಗ ಅವಳನ್ನು ಸ್ಟ್ರೆಚರಿನಲ್ಲಿ ವಾಪಸು ತಂದರು. ಕವಾಟದ ಮೇಲಿನ ಗಡ್ಡೆಯ ಚೂರು ಮೆದುಳಿಗೆ ಹೋಗಿತ್ತು. ಬಲಗಡೆಯ ಕೈಕಾಲು ಪೂರ್ತಿ ಬಿದ್ದುಹೋಗಿದ್ದವು. ಊರಿಗೆಲ್ಲ ಕೇಳುವ ಆ ಬಾಯಿಂದ ಒಂದು ಶಬ್ದ ಬರಲಿಲ್ಲ. ಕಣ್ಣು ಮಾತ್ರ ನನ್ನನ್ನು ಗುರುತು ಹಿಡಿದವು... ಮರುದಿನ ಹೋದಳು.

ಅವಳ ಗಂಡ ನನ್ನ ಮಂಚದ ಬಳಿ ಬಂದು ನಿಂತ. ಕೈಯಲ್ಲಿ ಅವಳ ಚಪ್ಪಲಿ.

"ಅಕ್ಕಾರ, ಅವತ್ತು ಡಾಕ್ಟರ್ ಭಾಳೊತ್ತು ಮಾತಾಡಿದ್ರಂತ. ಹೇಳಿದ್ದು ಬರೇ ಅಷ್ಟೇನ್ರಿ?"

"ಹೌದು, ಅಷ್ಟೇ," ಎಂದೆ.

ತಲೆಯಾಡಿಸಿ ಹೋದ. ಒಂದು ಮಾತು ಬೈಯಲಿಲ್ಲ. ಅದಕ್ಕೂ ಅವನ ಮೇಲೆ ನನಗೆ ಸಿಟ್ಟಿದೆ.

ಮೊನ್ನೆ ತಪಾಸಣೆಯಲ್ಲಿ ನನ್ನ ಕವಾಟ ಚೆನ್ನಾಗಿದೆ ಎಂದರು. ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡಿರಿ, ಬಚಾವಾದಿರಿ ಎಂದು ಹೊಗಳಿದರು. ಕೇಳಿಕೊಂಡು ಮನೆಗೆ ಬಂದೆ. ಅವಳಿಲ್ಲ. ಆ ಹತ್ತು ನಿಮಿಷದಲ್ಲಿ ಡಾಕ್ಟರ್ ಹೇಳಿದ್ದೆಲ್ಲ ನನಗೆ ಈಗಲೂ ಬಾಯಿಪಾಠ. ಇವತ್ತು ಮುಚ್ಚಿದ ಕಿಟಕಿಯ ಮುಂದೆ ನಿಂತು, ಅವಳ ಮಾತಿನಲ್ಲೇ ಗಟ್ಟಿಯಾಗಿ ಹೇಳಿದೆ.

"ಜ್ವರ ಹೋಗ್ಯಾವ, ಹುಳ ಹೋಗಿಲ್ಲ. ನಿನ್ನ ಎದಿಯಾಗ ಇನ್ನೂ ಗಡ್ಡಿ ಅದ. ಈಗ ಎದ್ದು ಹೋದ್ರ ಅದು ಒಡದು ತಲಿಗೆ ಹೋಗಬಹುದು, ಜೀವಾನ ಹೋಗಬಹುದು. ಇನ್ನೆರಡು ವಾರ ಇರವ್ವ. ನಾನೂ ಇಲ್ಲೇ ಇರ್ತೀನಿ."

ಕೊನೆಯ ಮಾತು ಡಾಕ್ಟರ್ ಹೇಳಿದ್ದಲ್ಲ. ಅದನ್ನೂ ಸೇರಿಸಿ ಅರ್ಧ ನಿಮಿಷ ಹಿಡಿಯಲಿಲ್ಲ.